ಸರದಾರ ಗಳಿಸಿಕೊಟ್ಟ ಸೀಟು

ಟಿಕೋಟದ ಮಲಕಾಜಪ್ಪ ಕಚೇರಿ ಕೆಲಸದಲ್ಲಿ ಪಳಗಿದ ಮನುಷ್ಯ ಎಂಬುದು ಇಡೀ ಟಿಕೋಟದಲ್ಲಿ ಒಬ್ಬರಿಗೆ ಮಾತ್ರ ಖಚಿತವಾಗಿ ಗೊತ್ತಿತ್ತು. ಆ ಒಬ್ಬರು ಮಲಕಾಜಪ್ಪನೇ. ಹರೆಯದಲ್ಲಿ ಅವನು ವಿಜಾಪುರದ ಒಂದು ಕಚೇರಿಯಲ್ಲಿ ಹನ್ನೊಂದು ತಿಂಗಳು ಪಟ್ಟೇವಾಲ, ಅಂದರೆ ಜವಾನನಾಗಿದ್ದ. ಹನ್ನೆರಡನೆಯ ತಿಂಗಳು ಅವರಾಗಿಯೇ ಬೇಡವೆಂದರು. ಆದರೆ ಆ ಹನ್ನೊಂದು ತಿಂಗಳಲ್ಲಿ ಅವನೊಂದು ಸತ್ಯವನ್ನು ಕಂಡುಕೊಂಡಿದ್ದ. ಕಚೇರಿಯವರು ಮನುಷ್ಯರಿಗೆ ಹೆದರುವುದಿಲ್ಲ, ಕಾಗದಕ್ಕೆ ಹೆದರುತ್ತಾರೆ. ಹಾಗಾಗಿ ಯಾವ ಕಚೇರಿಗೆ ಹೋದರೂ ಅವನು ಮನೆಯಲ್ಲಿದ್ದ ಎಲ್ಲ ಕಾಗದಗಳನ್ನೂ ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದ. ಹೊಲದ ಉತಾರ, ರೇಶನ್ ಕಾರ್ಡು, ಆಡಿಗೆ ಸೂಜಿ ಹಾಕಿಸಿದ ಚೀಟಿ, ತೀರಿಹೋದ ತಂದೆಯ ಕಂದಾಯದ ಪಾವತಿ, ತನ್ನ ಮದುವೆಯ ಲಗ್ನಪತ್ರಿಕೆ ಎಲ್ಲವೂ ಮೇಜಿನ ಮೇಲೆ ಸುರಿದರೆ ಗುಮಾಸ್ತ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತಾನೆ ಎಂಬುದು ಅವನ ಲೆಕ್ಕಾಚಾರ.

ಅವನ ಮನೆಯಲ್ಲಿ ಹೆಂಡತಿ ಸತ್ಯವ್ವ, ಮಗ ಸಿದ್ದರಾಯ, ಮತ್ತು ಸರದಾರ. ಸರದಾರ ಎಂದರೆ ಎತ್ತು. ಆದರೆ ಎತ್ತು ಎಂಬ ಶಬ್ದ ಆ ಮನೆಯಲ್ಲಿ ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಸರದಾರ ಉಂಡನೇ, ಸರದಾರ ಮಲಗಿದನೇ ಎಂದೇ ವಿಚಾರಣೆ. ಸತ್ಯವ್ವನಂತೂ ಅವನನ್ನು ಹಿರೇಮಗ ಎಂದೂ ಸಿದ್ದರಾಯನನ್ನು ಕಿರೇಮಗ ಎಂದೂ ಕರೆಯುತ್ತಿದ್ದಳು. ಸಿದ್ದರಾಯನಿಗೆ ಹದಿನೆಂಟು, ಸರದಾರನಿಗೆ ಆರು. ವಯಸ್ಸಿನ ಲೆಕ್ಕ ಹಿಡಿದು ಯಾರಾದರೂ ತಕರಾರು ತೆಗೆದರೆ, ಮನೆಗೆ ದುಡಿದು ಹಾಕುವವನೇ ಹಿರಿಯ ಎಂದು ಆಕೆ ಬಾಯಿ ಮುಚ್ಚಿಸುತ್ತಿದ್ದಳು.

ಎಪ್ಪತ್ತನಾಲ್ಕನೆಯ ಇಸವಿಯ ಕಾರಹುಣ್ಣಿಮೆಯಲ್ಲಿ ಸರದಾರ ಕರಿ ಹರಿದ. ನಮ್ಮ ಕಡೆ ಆ ದಿನ ಸಂಜೆ ಊರಬಾಗಿಲಾದ ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪು, ಕೊಬ್ಬರಿ ಕಟ್ಟಿದ ಹಗ್ಗ ಬಿಗಿಯುತ್ತಾರೆ. ಸಿಂಗರಿಸಿದ ಎತ್ತುಗಳನ್ನು ದೂರದಿಂದ ಓಡಿಸುತ್ತಾರೆ. ಯಾವುದು ಮೊದಲು ಬಂದು ಆ ಹಗ್ಗ ಹರಿಯುತ್ತದೋ ಆ ಎತ್ತಿನ ಮನೆಗೆ ಒಂದು ವರ್ಷ ಊರಲ್ಲಿ ಮೊದಲ ಮರ್ಯಾದೆ. ವೀಳ್ಯ ಮೊದಲು ಅವರಿಗೆ, ಕ್ಷೌರ ಮೊದಲು ಅವರಿಗೆ, ಹಿಟ್ಟಿನ ಗಿರಣಿಯಲ್ಲಿ ಅವರಿಗೆ ಸರದಿ ಇಲ್ಲ. ಇದನ್ನು ಯಾರೂ ಪ್ರಶ್ನಿಸುವುದಿಲ್ಲ.

ಆ ವರ್ಷ ಮಾತ್ರ ಒಂದು ಹೊಸ ಪದ್ಧತಿ ಸೇರಿಕೊಂಡಿತು. ತರುಣ ಸಂಘದ ಕಾರ್ಯದರ್ಶಿ ಬಾಬು ಸುಧಾರಣೆಯ ಹುಚ್ಚಿನವ. ಬರೇ ವೀಳ್ಯ ಕೊಟ್ಟರೆ ಕಾಲ ಮೆಚ್ಚುವುದಿಲ್ಲ, ಪ್ರಮಾಣಪತ್ರವನ್ನೂ ಕೊಡಬೇಕು ಎಂದ. ಸಾಲಿ ಮಾಸ್ತರ ಬುಡ್ಡೇಸಾಬರು ಸರಪಳಿ ಹಿಡಿದು ದೂರ ಅಳೆದರು. ಸರಿಯಾಗಿ ಇನ್ನೂರು ಮೀಟರು. ಕೈಗಡಿಯಾರ ಹಿಡಿದು ಹೊತ್ತು ಅಳೆದರು. ಹದಿನೆಂಟು ಸೆಕೆಂಡು. ಪ್ರಮಾಣಪತ್ರಕ್ಕೆ ಮಾತ್ರ ಸಾಲಿಯ ಕ್ರೀಡಾಕೂಟದಲ್ಲಿ ಉಳಿದಿದ್ದ ಖಾಲಿ ಫಾರಮುಗಳೇ ಗತಿಯಾದವು. ಅದರಲ್ಲಿ ‘ಕುಮಾರ’ ಎಂದು ಅಚ್ಚಾಗಿತ್ತು, ಸ್ಪರ್ಧೆಯ ಹೆಸರು, ದೂರ, ಸಮಯ, ಸ್ಥಾನಗಳಿಗೆ ಗೆರೆ ಇತ್ತು, ಎತ್ತಿನ ಹೆಸರಿಗೆ ಗೆರೆ ಇರಲಿಲ್ಲ. ಸಂಘದವರು ಕುಳಿತು ಚರ್ಚಿಸಿ, ಮರ್ಯಾದೆ ಹೇಗೂ ಮನೆತನಕ್ಕೆ ಸಲ್ಲುವುದರಿಂದ ಮನೆಯ ಮಗನ ಹೆಸರು ಬರೆಯುವುದೇ ಸರಿ ಎಂದು ಒಮ್ಮತಕ್ಕೆ ಬಂದರು. ಹೀಗೆ ಕುಮಾರ ಸಿದ್ದರಾಯ ಮಲಕಾಜಪ್ಪ, ಓಟ, ಇನ್ನೂರು ಮೀಟರು, ಹದಿನೆಂಟು ಸೆಕೆಂಡು, ಪ್ರಥಮ ಎಂದು ಬಾಬುವಿನ ಮುತ್ತಿನಂಥ ಅಕ್ಷರದಲ್ಲಿ ಬರೆದಾಯಿತು. ಅದೂ ಚೀಲ ಸೇರಿತು.

ಮುಂದಿನ ವಾರ ಪಿ.ಯು.ಸಿ. ಫಲಿತಾಂಶ ಬಂತು. ಸಿದ್ದರಾಯ ನೂರಕ್ಕೆ ಮೂವತ್ತೆಂಟು ಪಡೆದು ಪಾಸಾಗಿದ್ದ. ಬೆಳಗ್ಗೆ ಸರದಾರನಿಗೆ ಮೇವು, ಮಧ್ಯಾಹ್ನ ಸರದಾರನಿಗೆ ನೀರು, ಸಂಜೆ ಸರದಾರನ ಮೈ ತಿಕ್ಕುವುದು ಎಂದು ಹೊತ್ತು ಹಂಚಿಕೊಂಡಿದ್ದ ಹುಡುಗನಿಗೆ ಮೂವತ್ತೆಂಟು ಬಂದದ್ದೇ ಸೋಜಿಗ. ಮಲಕಾಜಪ್ಪ ಹಿಂದುಮುಂದು ನೋಡದೆ ಓಣಿಗೆಲ್ಲ ಪೇಢೆ ಹಂಚಿ, ಮಗ ವಿಜಾಪುರದಲ್ಲಿ ಬಿ.ಎ. ಓದುತ್ತಾನೆಂದು ಸಾರಿಬಿಟ್ಟ. ಬಬಲೇಶ್ವರದಿಂದ ಬಂದ ಸತ್ಯವ್ವನ ಅಣ್ಣ ರಾಮಲಿಂಗ ಎರಡು ಪೇಢೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ನುಂಗಿ, ವಿಜಾಪುರದ ಕಾಲೇಜಿಗೆ ನಲವತ್ತೈದು ಬೇಕು ಎಂದ. ತನ್ನ ಮಗ ಹಣಮಂತನಿಗೆ ಐವತ್ತೆರಡು ಬಂದಿದೆ, ಅವನ ಸೀಟು ಆಗಿಹೋಗಿದೆ ಎಂದೂ ಸೇರಿಸಿದ. ಹಂಚಿದ ಪೇಢೆ ವಾಪಸು ಕೇಳುವಂತಿಲ್ಲ. ಇನ್ನು ಸೀಟು ಸಿಗದೆ ಟಿಕೋಟದಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. ಮಲಕಾಜಪ್ಪ ಚೀಲ ಹೆಗಲಿಗೇರಿಸಿ, ಮಗನನ್ನು ಕರೆದುಕೊಂಡು ಬಸ್ಸು ಹತ್ತಿದ.

ಕಾಲೇಜಿನ ಗುಮಾಸ್ತ ಅಂಕಪಟ್ಟಿ ನೋಡಿ ಆಗಲೇ ಇಲ್ಲವೆಂದು ಕೈಯಲ್ಲಾಡಿಸಿದ್ದ. ಮಲಕಾಜಪ್ಪ ಎದೆಗುಂದದೆ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ. ಗುಮಾಸ್ತ ಲಗ್ನಪತ್ರಿಕೆಯನ್ನು ಪಕ್ಕಕ್ಕೆ ಸರಿಸಿದ, ಆಡಿನ ಚೀಟಿಯನ್ನು ಸರಿಸಿದ, ಮೂರನೆಯ ಕಾಗದ ಓದಿ ಎದ್ದು ನಿಂತ. ಆಟಗಾರರಿಗೆ ಮೂವತ್ತೈದಾದರೂ ಸೀಟು ಕೊಡುವ ನಿಯಮ ಆ ಕಾಲೇಜಿನಲ್ಲಿತ್ತು. ಮಲಕಾಜಪ್ಪನಿಗೆ ಅದೊಂದೂ ಗೊತ್ತಿರಲಿಲ್ಲ. ಕರಿ ಹರಿದ ಮನೆತನದವರು ಎಂಬ ಸುದ್ದಿ ಕಾಲೇಜಿಗೂ ಮುಟ್ಟಿದೆ ಎಂದಷ್ಟೇ ಅವನು ತಿಳಿದ. ಗಿರಣಿಯಲ್ಲಿ ಸರದಿ ಇಲ್ಲದವರಿಗೆ ಕಾಲೇಜಿನಲ್ಲಿ ಏಕಿರಬೇಕು ಎಂದು ಅವನಿಗೆ ಅದು ಸಹಜವಾಗಿಯೇ ಕಂಡಿತು.

ಸಿದ್ದರಾಯನನ್ನು ಪ್ರಮಾಣಪತ್ರದ ನಕಲಿಗೆ ದೊಡ್ಡ ಅಧಿಕಾರಿಯ ಸಹಿ ಮಾಡಿಸಿಕೊಂಡು ಬಾ ಎಂದು ಊರೊಳಗೆ ಅಟ್ಟಿ, ತಂದೆಯನ್ನು ಕ್ರೀಡಾ ನಿರ್ದೇಶಕ ಅಬ್ದುಲಸಮದರ ಖೋಲಿಗೆ ಕಳಿಸಿದರು. ಅಬ್ದುಲಸಮದರು ವಿಜಾಪುರದ ಕೋಟೆಗೋಡೆಯೊಳಗೇ ಹುಟ್ಟಿ ಬೆಳೆದವರು, ಎತ್ತುಗಳನ್ನು ಬೀದಿಯಲ್ಲಿ ಎದುರಿಗೆ ಬಂದಾಗ ಮಾತ್ರ ನೋಡಿದವರು. ಆರು ವರ್ಷದಿಂದ ಅಂತರ ಕಾಲೇಜು ಓಟದಲ್ಲಿ ಅವರ ಹುಡುಗರು ಎದುರಾಳಿ ಕಾಲೇಜಿನ ಬೆನ್ನನ್ನಷ್ಟೇ ನೋಡುತ್ತ ಬಂದಿದ್ದರು. ಹದಿನೆಂಟು ಸೆಕೆಂಡು ಎಂಬುದನ್ನು ಅವರು ಎರಡು ಸಲ ಓದಿದರು. ಲೋಕದಲ್ಲಿ ಯಾರೂ ಅಷ್ಟು ಬೇಗ ಓಡಿರಲಿಲ್ಲ. ಹಳ್ಳಿಯ ಗಡಿಯಾರ ನಿಧಾನ ಇರಬೇಕೆಂದು ನಾಲ್ಕು ಸೆಕೆಂಡು ಕೂಡಿಸಿದರು. ಆದರೂ ಜಿಲ್ಲೆಯಲ್ಲಿ ಎದುರಿಲ್ಲ. ಅವರು ಮಲಕಾಜಪ್ಪನಿಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ಸ್ವರ ತಗ್ಗಿಸಿ ಕೇಳಿದರು.

“ಓಡಾಕ ಹತ್ತಿ ಎಷ್ಟ ವರ್ಷ ಆತು?”

“ಮೂರ ವರ್ಷ ಆತ್ರಿ ಸಾಹೇಬ್ರ. ಅದಕ್ಕಿಂತ ಮೊದಲ ಬರೇ ಒದೀತಿದ್ದ.”

ಫುಟ್‌ಬಾಲೂ ಗೊತ್ತು ಎಂದು ನಿರ್ದೇಶಕರು ಬರೆದುಕೊಂಡರು.

“ಊಟಾ ಏನ ಕೊಡತೀರಿ?”

“ಹುರಳಿ, ಶೇಂಗಾ ಹಿಂಡಿ, ಎರಡೂ ಹೊತ್ತ ಹಸೀ ಸೊಪ್ಪು. ತಿಂದು ನೆಳ್ಳಾಗ ಅಡ್ಡಾದ ಅಂದ್ರ ಒಂದ ತಾಸ ಏಳಂಗಿಲ್ರಿ.”

ಹಸಿ ಸೊಪ್ಪು ತಿನ್ನಿರೆಂದು ಅಬ್ದುಲಸಮದರು ಹಾಸ್ಟೆಲಿನ ಹುಡುಗರಿಗೆ ಹೇಳಿ ಹೇಳಿ ಸೋತಿದ್ದರು. ಒಬ್ಬ ರೈತ ಹೇಳದೆಯೇ ಇದನ್ನು ಕಂಡುಕೊಂಡಿದ್ದಾನಲ್ಲ ಎಂದು ಅವರು ಅದನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆದರು. ಸ್ವಭಾವ ಹೇಗೆಂದು ಕೇಳಿದರು.

“ಬಂಗಾರ ಅದಾನ್ರಿ. ಕೆಂಪ ಅರಬಿ ಉಟ್ಟವರನ್ನ ಕಂಡ್ರ ಅಷ್ಟ ಸಿಟ್ಟ ಬರತೈತಿ.”

ಎದುರಾಳಿ ಕಾಲೇಜಿನವರ ಬನಿಯನ್ನು ಕೆಂಪು. ಅಬ್ದುಲಸಮದರು ಕಣ್ಣು ಮುಚ್ಚಿ ಮೇಲಿನವನನ್ನು ನೆನೆದರು. ಕೊನೆಗೊಂದು ಮಾತು ಉಳಿದಿತ್ತು, ಹರೆಯದ ಹುಡುಗರ ವಿಷಯದಲ್ಲಿ ಕೇಳಲೇಬೇಕಾದದ್ದು. ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಹೋಗುವ ಚಟ ಇದೆಯೇ ಎಂದರು.

“ಸುಳ್ಳ ಯಾಕ ಹೇಳ್ಲಿ, ಹೋದ ವರ್ಷ ಒಮ್ಮೆ ತಪ್ಪಿಸಿಕೊಂಡು ಪರಸವ್ವನ ಹೊಲಕ್ಕ ಹೋಗಿದ್ದ. ಬಾರಕೋಲ ತಗೊಂಡು ನಾಕ ಬಿಟ್ಟೆ. ಆಮ್ಯಾಲ ಅತ್ತ ಮುಖ ಹಾಕಿಲ್ರಿ.”

ಇಂಥ ಶಿಸ್ತಿನ ತಂದೆಯನ್ನು ಅಬ್ದುಲಸಮದರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. ಅಲ್ಲಿಂದಲೇ ಅವನ ಕೈಹಿಡಿದು ಪ್ರಿನ್ಸಿಪಾಲರ ಬಳಿಗೆ ಕರೆದೊಯ್ದರು. ಪ್ರಿನ್ಸಿಪಾಲರು ಕಾಯಿದೆಯ ಮನುಷ್ಯ. ಆಟಗಾರರ ಹೆಸರಿನಲ್ಲಿ ಸೀಟು ಹಿಡಿದು ಆಮೇಲೆ ಕಾಲುನೋವೆನ್ನುವವರನ್ನು ಬಹಳ ಕಂಡಿದ್ದರು. ಡಿಸೆಂಬರಿನ ಅಂತರ ಕಾಲೇಜು ಕ್ರೀಡಾಕೂಟಕ್ಕೆ ಸದರಿ ಓಟಗಾರನನ್ನು ತಪ್ಪದೆ ಹಾಜರುಪಡಿಸತಕ್ಕದ್ದು, ತಪ್ಪಿದಲ್ಲಿ ಸೀಟು ರದ್ದು ಎಂದು ಮುಚ್ಚಳಿಕೆ ಬರೆಸಿದರು. ಹಾಜರುಪಡಿಸತಕ್ಕದ್ದು ಎಂಬ ಕಚೇರಿಯ ಶಬ್ದ ಕಿವಿಗೆ ಬಿದ್ದದ್ದೇ ಮಲಕಾಜಪ್ಪನಿಗೆ ಹನ್ನೊಂದು ತಿಂಗಳ ನೌಕರಿ ನೆನಪಾಗಿ ರೋಮಾಂಚನವಾಯಿತು. ಎರಡು ಕಡೆ ಸಹಿ ಮಾಡಿ ಎಂದರೆ ನಾಲ್ಕು ಕಡೆ ಮಾಡಿದ. ಡಿಸೆಂಬರಿನಲ್ಲಿ ಜೋಳದ ಹೊಲದಲ್ಲಿ ಅಂಥ ಕೆಲಸವೂ ಇರುವುದಿಲ್ಲ, ಸರದಾರನನ್ನು ಕರೆತರಲು ಅಡ್ಡಿಯಿಲ್ಲ ಎಂದು ಮನಸ್ಸಿನಲ್ಲೇ ಹೊಂದಿಸಿಕೊಂಡ.

ಎತ್ತು ಕರಿ ಹರಿದದ್ದಕ್ಕೆ ಮಗನಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂಬ ಸುದ್ದಿ ಕೇಳಿ ಟಿಕೋಟದಲ್ಲಿ ಒಬ್ಬರೂ ಬೆರಗಾಗಲಿಲ್ಲ. ಸರಕಾರಕ್ಕೆ ಈಗಲಾದರೂ ಬುದ್ಧಿ ಬಂತು ಎಂದರು ಹಿರಿಯರು. ಎರಡನೆಯ ಸ್ಥಾನಕ್ಕೆ ಬಂದ ಎತ್ತಿನವನು ತನ್ನ ಮಗಳಿಗೆ ನರ್ಸ್ ಕೆಲಸ ಸಿಗಬಹುದೇ ಎಂದು ಬಾಬುವಿನ ಹತ್ತಿರ ಪ್ರಮಾಣಪತ್ರ ಕೇಳಲು ಬಂದ. ಬಬಲೇಶ್ವರದ ರಾಮಲಿಂಗ ಮಾತ್ರ ಹೊಟ್ಟೆಕಿಚ್ಚಿನಿಂದ, ಹಾಗಾದರೆ ತನ್ನ ಎಮ್ಮೆಯ ಮೇಲೆ ವಕೀಲಿ ಓದಬಹುದು ಎಂದು ಊರೆಲ್ಲ ನಗಾಡಿಕೊಂಡು ತಿರುಗಿದ. ಸತ್ಯವ್ವನಿಗೆ ಬೇರೆಯೇ ಚಿಂತೆ.

“ಹಿರ್ಯಾ ಓಡಿದ್ದಕ್ಕ ಕಿರ್ಯಾಗ ಸೀಟ ಕೊಟ್ರು. ನಾಳೆ ಕಿರ್ಯಾ ಓದಿದ್ದಕ್ಕ ಹಿರ್ಯಾಗ ಏನ ಕೊಡತಾರ, ಕೇಳಿ ಬಂದ್ರಿ ಇಲ್ಲೋ?”

ಅದನ್ನು ಕೇಳದೆ ಬಂದದ್ದು ತಪ್ಪಾಯಿತೆಂದು ಮಲಕಾಜಪ್ಪ ಒಪ್ಪಿಕೊಂಡ.

ಇತ್ತ ಸಿದ್ದರಾಯ ಹಾಸ್ಟೆಲು ಸೇರಿದ. ಹಿರಿಯರು ಹೇಳಿದ್ದನ್ನು ಮಾಡುವುದು, ಹೇಳದ್ದನ್ನು ಕೇಳದಿರುವುದು ಅವನ ಗುಣ. ಅಬ್ದುಲಸಮದರು ಅವನ ಕಾಲಿನ ಮೀನಖಂಡ ಹಿಸುಕಿ ನೋಡಿದರು. ಅಲ್ಲಿ ಹಿಸುಕಲು ಹೆಚ್ಚೇನೂ ಸಿಗಲಿಲ್ಲ. ಸಿಗದಷ್ಟು ಹಗುರ ಇರುವುದರಿಂದಲೇ ಹದಿನೆಂಟು ಸೆಕೆಂಡು ಸಾಧ್ಯವಾಯಿತೆಂದು ಅವರು ತರ್ಕಿಸಿದರು. ಅವರಿಗಿದ್ದ ಒಂದೇ ಭಯವೆಂದರೆ ಎದುರಾಳಿ ಕಾಲೇಜಿನ ಗೂಢಚಾರರು. ಇಂಥ ಹುಡುಗನಿಗೆ ತರಬೇತಿ ಬೇಡ, ಕೆಡದಂತೆ ಇಟ್ಟುಕೊಂಡರೆ ಸಾಕು ಎಂದು ತೀರ್ಮಾನಿಸಿದರು. ಮೈದಾನದ ಹತ್ತಿರ ಸುಳಿಯಬಾರದು, ಮೆಟ್ಟಿಲನ್ನೂ ಜೋರಾಗಿ ಹತ್ತಬಾರದು, ತರಗತಿ ಬಿಟ್ಟರೆ ಖೋಲಿ, ಖೋಲಿ ಬಿಟ್ಟರೆ ತರಗತಿ. ಊಟ ಖೋಲಿಗೇ ಬರುತ್ತಿತ್ತು. ಜೊತೆಗೆ ಎರಡು ಲೋಟ ಹಾಲು, ಬಾದಾಮಿ, ಮತ್ತು ಒಂದು ತಟ್ಟೆ ಹಸಿ ಮೆಂತ್ಯದ ಸೊಪ್ಪು. ಆ ಸೊಪ್ಪು ಯಾಕೆಂದು ಸಿದ್ದರಾಯನಿಗೆ ಡಿಸೆಂಬರಿನವರೆಗೂ ತಿಳಿಯಲಿಲ್ಲ. ಆದರೂ ತಿಂದ. ಕ್ರೀಡಾಕೂಟದ ದಿನ ನೆನಪಿದೆಯಲ್ಲ ಎಂದು ನಿರ್ದೇಶಕರು ಆಗಾಗ ಪಿಸುಗುಟ್ಟಿದಾಗ, ನೆನಪಿದೆ, ಅಪ್ಪ ಕರೆದುಕೊಂಡು ಬರುತ್ತಾನೆ ಎನ್ನುತ್ತಿದ್ದ. ತಂದೆಯೂ ನೋಡಲು ಬರುತ್ತಾನೆಂದು ಅವರು ಸಂತೋಷಪಡುತ್ತಿದ್ದರು.

ಹೊರಗೆ ಹೋಗುವಂತಿಲ್ಲ, ಮೇಯಿಸಲು ಸರದಾರನಿಲ್ಲ. ಖೋಲಿಯಲ್ಲಿ ಪುಸ್ತಕ ಬಿಟ್ಟರೆ ಗೋಡೆ. ಗೋಡೆ ನೋಡಿ ಬೇಸರವಾದ ಮೇಲೆ ಸಿದ್ದರಾಯ ಪುಸ್ತಕ ನೋಡತೊಡಗಿದ. ಒಮ್ಮೆ ಓದಿ ಮುಗಿದವು, ಮಾಡಲು ಬೇರೆ ಕೆಲಸವಿಲ್ಲದೆ ಮತ್ತೊಮ್ಮೆ ಓದಿದ. ಅಕ್ಟೋಬರಿನ ಪರೀಕ್ಷೆಯಲ್ಲಿ ಇಡೀ ವರ್ಗಕ್ಕೆ ಮೊದಲಿಗನಾಗಿ ಬಂದ. ಐವತ್ತೆರಡರ ಹಣಮಂತ ಎರಡು ವಿಷಯದಲ್ಲಿ ನಪಾಸಾಗಿ ಕುಳಿತುಬಿಟ್ಟಿದ್ದ. ಅಬ್ದುಲಸಮದರಿಗೆ ಯಾರೋ ಇದನ್ನು ಹೇಳಿದರು. ಹುಡುಗ ತಲೆಗೆ ತ್ರಾಸು ಕೊಟ್ಟುಕೊಳ್ಳುತ್ತಿದ್ದಾನೆಂದು ಗಾಬರಿಯಾಗಿ ಅವರು ಇನ್ನೊಂದು ಲೋಟ ಹಾಲು ಹೆಚ್ಚಿಸಿದರು.

ಡಿಸೆಂಬರಿನ ಮೊದಲ ವಾರ ಟಿಕೋಟಕ್ಕೆ ಕಾರ್ಡು ಬಂತು. ಓಟಗಾರನ ತಂದೆಯವರಾದ ತಾವು ತಪ್ಪದೆ ಆಗಮಿಸಬೇಕು ಎಂದು ಬಾಬು ಓದಿ ಹೇಳಿದ. ಓಟಗಾರನ ತಂದೆ ಎಂದು ಬರೆದದ್ದು ಕೇಳಿ ಸತ್ಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸರದಾರ ಈ ಮನೆಗೆ ಮಗನಿದ್ದಂತೆ ಎಂಬುದು ಅಷ್ಟು ದೂರದ ಕಾಲೇಜಿನವರಿಗೂ ತಿಳಿದಿದೆಯಲ್ಲ, ಓದಿದವರೆಂದರೆ ಓದಿದವರೇ ಎಂದಳು.

ಸರದಾರನ ಕೋಡಿನ ತುದಿಗೆ ಕೋಡೆಣಸು, ಹಣೆಗೆ ಪಟ್ಟಿ, ಬೆನ್ನಿಗೆ ಜೂಲಿನ ಬಟ್ಟೆ ಹಾಕಿ, ಹಲಗೆ ಬಾರಿಸುವ ನಾಲ್ವರ ಸಮೇತ ಹಿಂದಿನ ದಿನವೇ ಹೊರಟರು. ತೊರವಿಯಲ್ಲಿ ರಾತ್ರಿ ವಸ್ತಿ ಮಾಡಿ, ಮರುದಿನ ಎಂಟಕ್ಕೆ ಸರಿಯಾಗಿ ಮೈದಾನ ಹೊಕ್ಕರು. ರಾಮಲಿಂಗನೂ ಬಬಲೇಶ್ವರದಿಂದ ಬಂದಿದ್ದ. ಹಳ್ಳಿಯವರು ತಮ್ಮ ಓಟಗಾರನ ಗೌರವಕ್ಕಾಗಿ ಎತ್ತಿನ ಮೆರವಣಿಗೆ ತಂದಿದ್ದಾರೆಂದು ಅಬ್ದುಲಸಮದರು ಹಿಗ್ಗಿ, ಹಲಗೆಯವರಿಗೆ ತಾವೇ ಜಾಗ ತೋರಿಸಿದರು. ಶಾಮಿಯಾನದ ಕೆಳಗೆ ಮುಖ್ಯ ಅತಿಥಿಗಳು ಹೂಮಾಲೆ ಹಾಕಿಕೊಂಡು ಕುಳಿತಿದ್ದರು, ಮುಂದಿನ ಮೇಜಿನ ಮೇಲೆ ಬೆಳ್ಳಿಬಣ್ಣದ ಕಪ್ಪುಗಳು ಸಾಲಾಗಿ ನಿಂತಿದ್ದವು.

ಇನ್ನೂರು ಮೀಟರಿನ ಓಟಕ್ಕೆ ಪಿಸ್ತೂಲು ಹಾರಿಸುವವರು ಪರಊರಿನಿಂದ ಬಂದ ಒಬ್ಬ ಮೃದು ಸ್ವಭಾವದವರು. ಓಟದ ದಾರಿಯ ಎಂಟನೆಯ ಪಟ್ಟಿಯಲ್ಲಿ ಟಿಕೋಟದವನು ನಿಲ್ಲುತ್ತಾನೆ, ಅವನ ವಿಷಯ ಗುಟ್ಟು, ಏನೂ ಕೇಳಬಾರದು, ದಿಟ್ಟಿಸಿ ನೋಡಲೂ ಬಾರದು ಎಂದು ಅಬ್ದುಲಸಮದರು ಅವರಿಗೆ ಬಲವಾಗಿ ಹೇಳಿಟ್ಟು, ತಾವು ಗಡಿಯಾರ ಹಿಡಿದು ಆಚೆ ತುದಿಯ ದಾರದ ಹತ್ತಿರ ನಿಂತಿದ್ದರು. ಹೆಸರು ಕೂಗಿದರು. ಕಾಲೇಜು ಕೊಟ್ಟ ಹೊಸ ಚಡ್ಡಿ ಬನಿಯನ್ನು ತೊಟ್ಟ ಸಿದ್ದರಾಯ ಬಂದ. ಮಲಕಾಜಪ್ಪ ಸರದಾರನನ್ನು ಕರೆತಂದು ಎಂಟನೆಯ ಪಟ್ಟಿಯಲ್ಲಿ ನಿಲ್ಲಿಸಿ, ಜೂಲು ತೆಗೆದು, ಹಗ್ಗವನ್ನು ಮಗನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದ. ಏಳು ಓಟಗಾರರು ಎಂಟನೆಯವನನ್ನು ನೋಡಿದರು. ಪಿಸ್ತೂಲಿನವರಿಗೆ ಎರಡು ಕೋಡು ಕಂಡವು. ಆದರೆ ನೋಡಬಾರದು ಎಂದಿದ್ದರಲ್ಲ, ಆಕಾಶ ನೋಡುತ್ತ ಗುಂಡು ಹಾರಿಸಿದರು.

ಕಾರಹುಣ್ಣಿಮೆಯಲ್ಲಿ ಹಗ್ಗ ಹಿಡಿದವನ ಕೆಲಸ ಸದ್ದಾದೊಡನೆ ಹಗ್ಗ ಬಿಡುವುದು. ಸಿದ್ದರಾಯ ಬಿಟ್ಟ. ಬಿಟ್ಟು ಕೈಕಟ್ಟಿ ನಿಂತ. ಇನ್ನೂರು ಮೀಟರಿನ ದಾರಿ ಅಲ್ಲಿ ಅರ್ಧ ತಿರುವಿನದಾಗಿತ್ತು. ಸರದಾರನಿಗೆ ತಿರುವು ಗೊತ್ತಿಲ್ಲ, ಅಡ್ಡ ಕಟ್ಟಿದ ದಾರ ಗೊತ್ತು. ದೂರದಲ್ಲಿ ದಾರ ಕಂಡದ್ದೇ ಮೈದಾನದ ನಡುವಿನಿಂದ ನೇರವಾಗಿ ಹೊರಟ. ಕಬ್ಬಿಣದ ಗುಂಡು ಎಸೆಯುವ ಸ್ಪರ್ಧಿಗಳು ಅದನ್ನು ಅಲ್ಲೇ ಹಾಕಿ ಓಡಿದರು. ಕಪ್ಪುಗಳ ಮೇಜು ಮಲಗಿತು. ಮುಖ್ಯ ಅತಿಥಿಗಳು ಕುರ್ಚಿಯ ಮೇಲೆ ಹತ್ತಿ, ಅಲ್ಲಿಂದ ಶಾಮಿಯಾನದ ಕಂಬವನ್ನು ಅಪ್ಪಿಕೊಂಡರು. ಓಟಗಾರರಲ್ಲಿ ಮೂವರು ಕುಳಿತೇಬಿಟ್ಟರು, ಮೂವರು ಗೋಡೆ ಹಾರಿದರು. ಕೆಂಪು ಬನಿಯನ್ನಿನ ಎದುರಾಳಿ ವೀರ ಅಂದು ತನ್ನ ಜೀವಮಾನದ ಅತ್ಯುತ್ತಮ ಓಟ ಓಡಿದ. ಆದರೆ ರೈಲ್ವೆ ಸ್ಟೇಶನ್ನಿನ ಕಡೆಗೆ. ಅಬ್ದುಲಸಮದರು ಒಂದು ಕೈಯಲ್ಲಿ ಗಡಿಯಾರ ಹಿಡಿದು, ಇನ್ನೊಂದನ್ನು ಬೀಸುತ್ತ, ದೂರ ನಿಂತ ಸಿದ್ದರಾಯನಿಗೆ ಓಡು ಓಡು ಎಂದು ಗಂಟಲು ಹರಿದುಕೊಂಡರು.

ಸಿದ್ದರಾಯ ಅಲ್ಲಿಂದಲೇ ವಿನಯದಿಂದ ಕೂಗಿ ಹೇಳಿದ:

“ಓಡಾಕತ್ತಾನಲ್ರಿ ಸರ್.”

ಸರದಾರ ಎದೆಯಿಂದ ದಾರ ಹರಿದು, ನಿಂತು, ಯಾರಾದರೂ ಆರತಿ ಎತ್ತುತ್ತಾರೆಂದು ಕಾದ. ಟಿಕೋಟದವರು ಹಲಗೆ ಬಾರಿಸಿದರು. ಮಲಕಾಜಪ್ಪ ಮೀಸೆ ತಿರುವಿದ. ಎಲ್ಲರೂ ಓಡಾಡುತ್ತಿದ್ದ ಆ ಗದ್ದಲದಲ್ಲಿ, ಕಾಲೇಜಿನವರು ತನಗಿಂತ ಹೆಚ್ಚು ಸಂಭ್ರಮಪಡುತ್ತಿದ್ದಾರೆಂದೇ ಅವನು ಭಾವಿಸಿದ್ದ.

ಪ್ರಿನ್ಸಿಪಾಲರ ಖೋಲಿಯಲ್ಲಿ ಸಂಗತಿ ಬಿಡಿ ಬಿಡಿಯಾಗಿ ಹೊರಬಂತು. ಬಾಬುವಿನ ಫಾರಮು, ಕರಿ, ಹುರಳಿ, ಹಸಿ ಸೊಪ್ಪು, ಪರಸವ್ವನ ಹೊಲ. ಪರಸವ್ವನ ಹೊಲಕ್ಕೆ ಬಂದಾಗ ಅಬ್ದುಲಸಮದರು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು. ಓಟಗಾರ ಎಂದರೆ ಮಗನೇ ಓಡಬೇಕಿತ್ತು ಎಂಬುದು ಮಲಕಾಜಪ್ಪನಿಗೆ ಆಗಷ್ಟೇ ತಿಳಿದದ್ದು. ಕಾಲೇಜಿನಲ್ಲಿ ಮನುಷ್ಯರನ್ನು ಓಡಿಸುತ್ತಾರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಪ್ರಿನ್ಸಿಪಾಲರು, ಆಟಗಾರನಲ್ಲದವನಿಗೆ ಆಟಗಾರರ ಸೀಟಿಲ್ಲ, ನಲವತ್ತೈದಿಲ್ಲದವನಿಗೆ ಬೇರೆ ಸೀಟಿಲ್ಲ ಎಂದು ಹೇಳಿ ರದ್ದಿನ ಆದೇಶ ಬರೆಸಿದರು. ಬಾಗಿಲಲ್ಲಿ ನಿಂತ ರಾಮಲಿಂಗ ತಾನು ಮೊದಲೇ ಹೇಳಿದ್ದೆ ಎಂದ. ಅವನು ಹೇಳಿದ್ದು ಎಮ್ಮೆಯ ವಿಷಯ. ಆದರೆ ಆಗ ಅದನ್ನು ಎತ್ತಿ ತೋರಿಸುವ ತ್ರಾಣ ಮಲಕಾಜಪ್ಪನಿಗಿರಲಿಲ್ಲ.

ಅವನು ತಲೆಯ ರುಮಾಲು ತೆಗೆದು ಮೇಜಿನ ಮೇಲಿಟ್ಟ.

“ಸಾಹೇಬ್ರ, ತಪ್ಪ ನಂದು. ಹುಡುಗಗ ಓದಾಕ ಬರತೈತಿ ಅಂತ ನನಗ ಗೊತ್ತ ಇರಲಿಲ್ರಿ. ಹದಿನೆಂಟ ವರ್ಷ ದನಾ ಕಾಯಾಕ ಹಚ್ಚಿ ಮೂವತ್ತೆಂಟ ಬಂತಂತ ಪೇಢೆ ಹಂಚಿದೆ. ಆರ ತಿಂಗಳ ಸುಮ್ನ ಕುಂಡ್ರಿಸಿದ್ರಿ, ವರ್ಗಕ್ಕ ಮೊದಲ ಬಂದ. ಮತ್ತ ನನ್ನ ಕೈಯಾಗ ಕೊಡಬ್ಯಾಡ್ರಿ, ನಾ ಹಾಳ ಮಾಡತೇನಿ.”

ಪ್ರಿನ್ಸಿಪಾಲರಿಗೆ ಮನಸ್ಸು ಕರಗಿತು, ಆದರೆ ಕಾಯಿದೆ ಕರಗಲಿಲ್ಲ. ಸಹಿ ಮಾಡಲು ಪೆನ್ನು ತೆಗೆದರು. ಅಷ್ಟರಲ್ಲಿ ಗುಮಾಸ್ತ ಒಂದು ಪಟ್ಟಿ ಹಿಡಿದು ಬಂದು ಅವರ ಕಿವಿಯಲ್ಲಿ ಏನೋ ಹೇಳಿದ. ಸೋಮವಾರ ವಿಶ್ವವಿದ್ಯಾಲಯದಿಂದ ತಪಾಸಣೆಗೆ ಬರುವವರಿದ್ದರು. ರಿಯಾಯಿತಿಯಲ್ಲಿ ಸೀಟು ಪಡೆದ ಆಟಗಾರರು ಓದಿನಲ್ಲಿ ಹೇಗಿದ್ದಾರೆಂದು ನೋಡುವುದೇ ತಪಾಸಣೆ. ಒಟ್ಟು ಹನ್ನೊಂದು ಮಂದಿ. ಹತ್ತು ಮಂದಿ ಎಲ್ಲ ವಿಷಯಗಳಲ್ಲೂ ಬಿದ್ದಿದ್ದರು. ಕಬಡ್ಡಿಯ ನಾಯಕನಂತೂ ಇತಿಹಾಸದ ಉತ್ತರಪತ್ರಿಕೆಯಲ್ಲಿ ಕಬಡ್ಡಿ ಅಂಕಣದ ಚಿತ್ರ ಬರೆದು, ಎಲ್ಲಿಂದ ದಾಳಿ ಮಾಡಬೇಕೆಂದು ಬಾಣ ಹಾಕಿ ಬಂದಿದ್ದ. ಪಾಸಾದ ಹನ್ನೊಂದನೆಯವನು ಸಿದ್ದರಾಯ. ಅವನ ಹೆಸರು ಹೊಡೆದುಹಾಕಿದರೆ ಪಾಸಿನ ಅಂಕಣದಲ್ಲಿ ಸೊನ್ನೆ. ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ಹಾಕಿ, ಸೋಮವಾರ ಕಳೆಯಲಿ ಎಂದರು.

ಆ ಮೂರು ದಿನ ಮಲಕಾಜಪ್ಪ ಊರಿಗೆ ಹೋಗಲಿಲ್ಲ. ಸರದಾರನನ್ನು ಕಾಲೇಜಿನ ಬೇವಿನ ಮರಕ್ಕೆ ಕಟ್ಟಿ, ಅಲ್ಲೇ ಕುಳಿತ. ರದ್ದಾದರೆ ಸತ್ಯವ್ವನಿಗೆ ಏನು ಹೇಳಬೇಕೆಂಬುದೊಂದೇ ಯೋಚನೆ. ಅವನಿಗೆ ಊಟ ಸೇರಲಿಲ್ಲ. ಸಿದ್ದರಾಯ ತನ್ನ ಪಾಲಿನ ಹಸಿ ಮೆಂತ್ಯವನ್ನು ತಂದು ಸರದಾರನಿಗೆ ಹಾಕಿ ಹೋಗುತ್ತಿದ್ದ.

ಸೋಮವಾರ ದಪ್ಪ ಕನ್ನಡಕದ ಮುದುಕ ಪ್ರೊಫೆಸರರೊಬ್ಬರು ಬಂದರು. ಪಟ್ಟಿಯ ಮೇಲೆ ಬೆರಳಾಡಿಸಿ, ಹತ್ತು ಕಡೆ ನಿಟ್ಟುಸಿರು ಬಿಟ್ಟು, ಹನ್ನೊಂದನೆಯ ಕಡೆ ಬೆರಳು ನಿಲ್ಲಿಸಿದರು. ಈ ಹುಡುಗನನ್ನು ನೋಡಬೇಕೆಂದರು. ಪ್ರಿನ್ಸಿಪಾಲರು ಕೆಮ್ಮಿದರು, ಅಬ್ದುಲಸಮದರು ಚಾವಣಿ ನೋಡಿದರು. ಆಟವನ್ನೂ ಓದನ್ನೂ ಹೇಗೆ ತೂಗಿಸಿದೆಯಪ್ಪ ಎಂದು ಪ್ರೊಫೆಸರರು ಅಕ್ಕರೆಯಿಂದ ಕೇಳಿದರು. ಸಿದ್ದರಾಯನಿಗೆ ಸುಳ್ಳು ಬರುತ್ತಿರಲಿಲ್ಲ.

“ನನ್ನ ಒಂದ ದಿನಾನೂ ಓಡಾಕ ಬಿಡಲಿಲ್ರಿ. ಖೋಲಿಯಾಗ ಕುಂಡ್ರಿಸಿ, ಹಾಲ ಕೊಟ್ಟು, ಮೈದಾನದ ಕಡೆ ಹಾಯಬ್ಯಾಡ ಅಂದ್ರು. ಕುಂತ ಕುಂತ ಓದಿದೆ.”

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷದಿಂದ ಅವರು ಈ ಸಮಸ್ಯೆಯ ಮೇಲೆ ಸಮಿತಿಗಳಲ್ಲಿ ಕುಳಿತಿದ್ದರು, ಪರಿಹಾರ ಇಷ್ಟು ಸರಳವೆಂದು ಯಾರಿಗೂ ಹೊಳೆದಿರಲಿಲ್ಲ. ಎದ್ದು ಅಬ್ದುಲಸಮದರ ಎರಡೂ ಕೈ ಹಿಡಿದು ಕುಲುಕಿದರು. ತಪಾಸಣೆಯ ಪುಸ್ತಕದಲ್ಲಿ ತಮ್ಮ ಕೈಯಾರೆ ಬರೆದರು: ಆಟಗಾರರನ್ನು ಆಟದಿಂದ ಸಂಪೂರ್ಣ ದೂರವಿಟ್ಟು, ಹಾಲು ಕೊಟ್ಟು, ಪುಸ್ತಕಗಳ ನಡುವೆ ಕೂರಿಸಿದಲ್ಲಿ ಅವರು ಓದಿನಲ್ಲಿ ಉನ್ನತ ಯಶಸ್ಸು ಪಡೆಯಬಲ್ಲರು ಎಂಬುದನ್ನು ಈ ಕಾಲೇಜಿನ ಕ್ರೀಡಾ ನಿರ್ದೇಶಕರು ರುಜುವಾತುಪಡಿಸಿದ್ದಾರೆ, ಉಳಿದ ಹತ್ತು ಮಂದಿಗೂ ಇದೇ ಕ್ರಮವನ್ನು ಕೂಡಲೇ ಜಾರಿಗೊಳಿಸತಕ್ಕದ್ದು. ಕೆಳಗೆ ಇನ್ನೊಂದು ಸಾಲು ಸೇರಿಸಿದರು. ವರ್ಗಕ್ಕೆ ಮೊದಲಿಗನಾದ ಸಿದ್ದರಾಯನನ್ನು ರಿಯಾಯಿತಿಯ ಪಟ್ಟಿಯಲ್ಲಿ ಇಟ್ಟಿರುವುದು ಅನ್ಯಾಯ, ಅವನಿಗೆ ಅರ್ಹತೆಯ ಸೀಟೇ ಕೊಡತಕ್ಕದ್ದು.

ಪ್ರಿನ್ಸಿಪಾಲರು ರದ್ದಿನ ಆದೇಶವನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಬೇವಿನ ಮರದ ಕೆಳಗೆ ಮಗ ಬಂದು ಸುದ್ದಿ ಹೇಳಿದಾಗ ಮಲಕಾಜಪ್ಪ ಎದ್ದು ನಿಂತ. ಒಮ್ಮೆ ಮಗನ ತಲೆ ಸವರಿದ, ಒಮ್ಮೆ ಸರದಾರನ ಬೆನ್ನು ಸವರಿದ, ಮತ್ತೆ ಮಗನ ತಲೆಗೆ ಕೈ ಹಾಕಿ ಅತ್ತುಬಿಟ್ಟ. ಬದುಕಿನಲ್ಲಿ ಅಷ್ಟು ಸುಖದ ಅಳು ಅವನು ಎಂದೂ ಅತ್ತಿರಲಿಲ್ಲ.

ಮಂಗಳವಾರದಿಂದ ಹತ್ತು ಆಟಗಾರರೂ ಖೋಲಿಯೊಳಗೆ ಕುಳಿತರು. ಕಬಡ್ಡಿಯ ನಾಯಕ ಕಿಟಕಿಯ ಸರಳು ಹಿಡಿದು ಮೈದಾನ ನೋಡುತ್ತ ಹಾಲು ಕುಡಿಯುತ್ತಿದ್ದ. ಮೈದಾನದಲ್ಲಿ ಅಬ್ದುಲಸಮದರು ಒಬ್ಬರೇ. ಐದು ದಿನ ತಡೆದರು. ಆರನೆಯ ದಿನ ಭಾನುವಾರ, ಬೆಳಗಿನ ಬಸ್ಸಿಗೆ ಟಿಕೋಟಕ್ಕೆ ಬಂದಿಳಿದರು. ಮಲಕಾಜಪ್ಪ ಗಾಬರಿಯಿಂದ, ಮತ್ತೆ ಯಾವ ಕಾಗದ ಬೇಕಾಯಿತೋ ಎಂದು ಚೀಲಕ್ಕೆ ಕೈ ಹಾಕಿದ. ಅವರು ಏನೂ ಬೇಡವೆಂದು ತಲೆಯಾಡಿಸಿ, ಸ್ವಲ್ಪ ನಾಚಿಕೊಂಡು, ಸರದಾರ ಮನೆಯಲ್ಲಿದ್ದಾನೆಯೇ ಎಂದು ಕೇಳಿದರು.

ಕೊಯ್ದು ಬರಿದಾದ ಶೇಂಗಾ ಹೊಲದಲ್ಲಿ ಸರದಾರ ಇನ್ನೂರು ಮೀಟರು ಓಡಿದ. ಬದುವಿನ ಮೇಲೆ ಕುಳಿತ ಅಬ್ದುಲಸಮದರು ಗಡಿಯಾರ ಒತ್ತಿ ನೋಡಿದರು. ಹದಿನೆಂಟೇ ಸೆಕೆಂಡು. ಬುಡ್ಡೇಸಾಬರ ಗಡಿಯಾರ ನಿಧಾನವಾಗಿರಲಿಲ್ಲ. ಅವರು ಮಲಕಾಜಪ್ಪನ ಹೆಗಲ ಮೇಲೆ ಕೈಯಿಟ್ಟು, ಮನಸ್ಸಿನ ಆಳದಿಂದ ಒಂದು ಮಾತು ಹೇಳಿದರು.

“ಇಂವಾ ಒಂದ ಪಿ.ಯು.ಸಿ. ಪಾಸಾಗಿದ್ರ ಎಷ್ಟ ಚೊಲೋ ಇತ್ತು, ಮಲಕಾಜಪ್ಪಾವರ. ನಾವೇನ ಭಾಳ ಕೇಳತಿರಲಿಲ್ಲ. ಮೂವತ್ತೈದ ಆಗಿದ್ರೂ ನಡೀತಿತ್ತು.”